ಸೂರ್ಯಗ್ರಹಣದ ಹೊತ್ತಿನಲ್ಲಿ ಏನೇನು ನೋಡಬೇಕು, ಎಲ್ಲಿ ನೋಡಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರಹಣ ಎಂದೊಡನೆ ಎಲ್ಲರೂ ಕತ್ತೆತ್ತುತ್ತಾರೆ. ಆದರೆ ನೋಡಬೇಕಾದದ್ದರಲ್ಲಿ ಅರ್ಧದಷ್ಟು ನೆಲದ ಮೇಲೆ, ಗೋಡೆಯ ಮೇಲೆ, ದಿಗಂತದಲ್ಲಿ ನಡೆಯುತ್ತದೆ. ಇಲ್ಲಿನ ಉತ್ತರಗಳು ಹೆಚ್ಚಾಗಿ ಖಗ್ರಾಸ ಗ್ರಹಣವನ್ನು ಕುರಿತವು. ಕಂಕಣಕ್ಕೂ ಪಾರ್ಶ್ವಕ್ಕೂ ಹೊಂದುವುದನ್ನು ಅಲ್ಲಲ್ಲೇ ಹೇಳಿದೆ.

ಖಗ್ರಾಸ, ಕಂಕಣ, ಪಾರ್ಶ್ವ: ನೋಡುವವರಿಗೆ ಇವುಗಳಲ್ಲಿ ಏನು ವ್ಯತ್ಯಾಸ?

ಖಗ್ರಾಸದಲ್ಲಿ ಚಂದ್ರ ಸೂರ್ಯಬಿಂಬವನ್ನು ಪೂರ್ತಿ ಮುಚ್ಚುತ್ತಾನೆ. ಕೊರೋನಾ (ಸೂರ್ಯನ ಸುತ್ತಲಿನ ಮಂದ ಬೆಳಕಿನ ಹೊರ ವಾತಾವರಣ), ಹಗಲಲ್ಲಿ ಗ್ರಹಗಳು, ಸುತ್ತಲೂ ಸಂಜೆಗೆಂಪು ಕಾಣುವುದು ಆಗ ಮಾತ್ರ. ಕಂಕಣ ಗ್ರಹಣದ ದಿನ ಚಂದ್ರ ತುಸು ದೂರದಲ್ಲಿದ್ದು ಅವನ ಬಿಂಬ ಚಿಕ್ಕದಾಗಿರುತ್ತದೆ, ಹಾಗಾಗಿ ಸುತ್ತ ಬೆಂಕಿಯ ಬಳೆ ಉಳಿಯುತ್ತದೆ. 2019ರ ಡಿಸೆಂಬರ್ 26ರ ಬೆಳಗ್ಗೆ ಮಂಗಳೂರು, ಕೊಡಗಿನ ಕುಟ್ಟ, ಕಾಸರಗೋಡಿನ ಚೆರುವತ್ತೂರುಗಳಲ್ಲಿ ಕಂಡದ್ದು ಇದೇ. ಅಂದು ಬಿಂಬದ ಸುಮಾರು 94% ಮುಚ್ಚಿತ್ತು. ಉಳಿದ 6% ಬೆಳಕಿಗೇ ಹಗಲು ಹಗಲಾಗಿಯೇ ಇತ್ತು, ಮಂಕಾಗಿತ್ತು ಅಷ್ಟೆ. ಪಾರ್ಶ್ವಗ್ರಹಣದಲ್ಲಿ ಬಿಂಬದ ಒಂದು ಭಾಗ ಮಾತ್ರ ಮರೆಯಾಗುತ್ತದೆ.

ನಮ್ಮೂರಿನಲ್ಲಿ 99% ಮುಚ್ಚುತ್ತದಂತೆ. ಇನ್ನೊಂದು ಪರ್ಸೆಂಟಿಗಾಗಿ ಪ್ರಯಾಣ ಮಾಡಬೇಕೆ?

ಮಾಡಬೇಕು. ಸೂರ್ಯನ ಬೆಳಕು ಹುಣ್ಣಿಮೆ ಚಂದ್ರನ ಬೆಳಕಿಗಿಂತ ಸುಮಾರು 4 ಲಕ್ಷ ಪಟ್ಟು ಹೆಚ್ಚು. ಅದರಲ್ಲಿ 1% ಉಳಿದರೂ ಅದು 4,000 ಹುಣ್ಣಿಮೆಗಳ ಬೆಳಕು. ಇಡೀ ಕೊರೋನಾ ಸೇರಿದರೂ ಒಂದು ಹುಣ್ಣಿಮೆ ಚಂದ್ರನಷ್ಟು ಬೆಳಗುವುದು ಕಷ್ಟ, ಹಾಗಾಗಿ ಆ 1% ಇರುವವರೆಗೆ ಅದು ಕಾಣುವುದೇ ಇಲ್ಲ. 99% ಮುಚ್ಚಿದ ಊರಿನವರಿಗೆ ಸಿಗುವುದು ಒಂದು ವಿಚಿತ್ರ ಮಂಕು ಮಾತ್ರ.

ಪಥದೊಳಗೆ, ಅಂದರೆ ಚಂದ್ರನ ನೆರಳು ನೆಲದ ಮೇಲೆ ಸಾಗುವ ಪಟ್ಟಿಯೊಳಗೆ, ಹೋದ ಮೇಲೆ ನಟ್ಟನಡು ರೇಖೆಗೇ ಹಟ ಹಿಡಿಯಬೇಕಾಗಿಲ್ಲ. ನಡುರೇಖೆಯಿಂದ ಅಂಚಿಗೆ ಅರ್ಧ ದಾರಿ ಸರಿದರೂ ಪೂರ್ಣಗ್ರಹಣದ ಅವಧಿಯ ಸುಮಾರು 87% ಸಿಗುತ್ತದೆ. 80% ದೂರ ಸರಿದರೆ 60% ಸಿಗುತ್ತದೆ, ಕುಸಿತವೆಲ್ಲ ಆಮೇಲೆ. ಆದ್ದರಿಂದ ಜಾಗ ಆರಿಸುವಾಗ ಮೊದಲು ಮೋಡ, ಆಮೇಲೆ ರಸ್ತೆ, ಕೊನೆಗೆ ನಡುರೇಖೆ.

ಪಂಚಾಂಗದಲ್ಲಿ ಕೊಡುವ ಸ್ಪರ್ಶ, ಮಧ್ಯ, ಮೋಕ್ಷ ಕಾಲಗಳು ವೀಕ್ಷಣೆಗೆ ಉಪಯೋಗವೆ?

ಖಂಡಿತ. ಚಂದ್ರನ ಅಂಚು ಸೂರ್ಯನ ಪಶ್ಚಿಮ ಅಂಚನ್ನು ಮುಟ್ಟುವುದು ಸ್ಪರ್ಶ. ಬಿಂಬ ಪೂರ್ತಿ ಮುಳುಗುವುದು ಸಮ್ಮೀಲನ, ಮತ್ತೆ ಬೆಳಕು ಇಣುಕುವುದು ಉನ್ಮೀಲನ, ಚಂದ್ರ ಪೂರ್ತಿ ಸರಿದುಹೋಗುವುದು ಮೋಕ್ಷ. ಸ್ಪರ್ಶದಿಂದ ಸಮ್ಮೀಲನಕ್ಕೆ ಸಾಮಾನ್ಯವಾಗಿ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಸಮ್ಮೀಲನದಿಂದ ಉನ್ಮೀಲನಕ್ಕೆ ಕೆಲವೇ ನಿಮಿಷ. ತೊಂದರೆ ಒಂದೇ: ಪಂಚಾಂಗದ ಹೊತ್ತು ಯಾವ ಊರಿಗೆ ಲೆಕ್ಕ ಹಾಕಿದ್ದು ಎಂಬುದನ್ನು ನೋಡಬೇಕು. ಹತ್ತಾರು ಕಿಲೋಮೀಟರು ಸರಿದರೆ ಸೆಕೆಂಡುಗಳು ಬದಲಾಗುತ್ತವೆ, ಇಲ್ಲಿ ಸೆಕೆಂಡುಗಳೇ ಮುಖ್ಯ. ನೀವು ನಿಲ್ಲುವ ಜಾಗದ ಅಕ್ಷಾಂಶ ರೇಖಾಂಶ ಕೊಟ್ಟು ಲೆಕ್ಕ ಹಾಕಿಸಿದ ಸಮಯವನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಗ್ರಹಣದ ದಿನ ಮರದ ಕೆಳಗೆ ಸಣ್ಣ ಸಣ್ಣ ಬಿದಿಗೆ ಚಂದ್ರರು ಬೀಳುವುದೇಕೆ?

ಅವು ಚಂದ್ರರಲ್ಲ, ಸೂರ್ಯನ ಬಿಂಬಗಳು. ಎಲೆಗಳ ನಡುವಿನ ಸಂದುಗಳು ಸೂಜಿರಂಧ್ರಗಳಂತೆ ಕೆಲಸ ಮಾಡುತ್ತವೆ. ಉಳಿದ ದಿನಗಳಲ್ಲೂ ಮರದಡಿಯ ಬೆಳಕಿನ ಚುಕ್ಕೆಗಳು ದುಂಡಗಿರುವುದಕ್ಕೆ ಇದೇ ಕಾರಣ, ಸಂದು ಯಾವ ಆಕಾರದ್ದಾದರೂ ಬಿಂಬ ಸೂರ್ಯನ ಆಕಾರದ್ದೇ. ಹೊಂಗೆ, ಹುಣಸೆ, ಬೇವಿನಂಥ ಮರಗಳ ಅಡಿಯಲ್ಲಿ ಚೆನ್ನಾಗಿ ಕಾಣುತ್ತದೆ. ಸಂದೇ ಇಲ್ಲದಷ್ಟು ದಟ್ಟ ನೆರಳಿನ ಮಾವು ಅಷ್ಟು ಒಳ್ಳೆಯದಲ್ಲ. ನೆಲ ಒರಟಾಗಿದ್ದರೆ ಬಿಳಿ ಬಟ್ಟೆ ಹಾಸಿ.

ಮರವಿಲ್ಲದಿದ್ದರೆ ಅಡುಗೆಮನೆಗೆ ಹೋಗಿ. ಶಾವಿಗೆ ಒರಳಿನ ತೂತಿನ ಬಿಲ್ಲೆ, ಬೂಂದಿ ಜಾರ, ತೂತಿನ ಬಿಸ್ಕತ್ತು ಎಲ್ಲವೂ ಆಗುತ್ತವೆ. ನೆಲದಿಂದ ಒಂದು ಮೀಟರಿನಷ್ಟು ಮೇಲೆ ಹಿಡಿದರೆ ಒಂದೊಂದು ತೂತಿಗೂ ಒಂದೊಂದು ಸೂರ್ಯ. ಎರಡೂ ಕೈಬೆರಳುಗಳನ್ನು ಅಡ್ಡಡ್ಡ ಹೆಣೆದು ಸಂದು ಮಾಡಿದರೂ ಸಾಕು. ಇವನ್ನು ಹಿಡಿದು ನೋಡಬೇಕಾದದ್ದು ನೆಲವನ್ನು, ತೂತಿನ ಮೂಲಕ ಸೂರ್ಯನನ್ನಲ್ಲ.

ಶಾಲೆಯಲ್ಲಿ ಐವತ್ತು ಮಕ್ಕಳಿಗೆ ಒಟ್ಟಿಗೆ ತೋರಿಸಬೇಕು. ಅಗ್ಗದ ದಾರಿ ಯಾವುದು?

ಕನ್ನಡಿ. ಕೈಗನ್ನಡಿಯ ಮೇಲೆ ಕಪ್ಪು ಕಾಗದ ಅಂಟಿಸಿ, ನಡುವೆ 6ರಿಂದ 8 ಮಿಲಿಮೀಟರಿನ ತೂತು ಬಿಡಿ. ಕನ್ನಡಿಯನ್ನು ಅಂಗಳದಲ್ಲಿ ಮರಳು ತುಂಬಿದ ಡಬ್ಬಕ್ಕೆ ಒರಗಿಸಿ, ಬೆಳಕು ಕಿಟಕಿಯಿಂದ ಕತ್ತಲೆ ಕೋಣೆಯ ಬಿಳಿ ಗೋಡೆಗೆ ಬೀಳುವಂತೆ ತಿರುಗಿಸಿ. ಬಿಂಬದ ಅಗಲ ಎಂದರೆ ದೂರವನ್ನು 107ರಿಂದ ಭಾಗಿಸಿದಷ್ಟು: 10 ಮೀಟರಿಗೆ 9 ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು, 20 ಮೀಟರಿಗೆ ಅದರ ಇಮ್ಮಡಿ. ಬಿಂಬ ಮಸುಕಾದರೆ ತೂತು ದೊಡ್ಡದಾಯಿತು ಎಂದರ್ಥ. ತೀರ ಮಂಕಾದರೆ ತೂತು ಚಿಕ್ಕದು, ಇಲ್ಲವೇ ಕೋಣೆ ಸಾಕಷ್ಟು ಕತ್ತಲಾಗಿಲ್ಲ. ಭೂಮಿ ತಿರುಗುವುದರಿಂದ ಬಿಂಬ ಗೋಡೆಯ ಮೇಲೆ ಸರಿಯುತ್ತಾ ಹೋಗುತ್ತದೆ, ಎರಡು ಮೂರು ನಿಮಿಷಕ್ಕೊಮ್ಮೆ ಕನ್ನಡಿ ಸರಿಪಡಿಸಲು ಒಬ್ಬರನ್ನು ನೇಮಿಸಿ. ಕನ್ನಡಿಯ ಬೆಳಕು ಯಾರ ಕಣ್ಣಿಗೂ ಹೊಡೆಯದಂತೆ ನೋಡಿಕೊಳ್ಳುವುದೂ ಅವರದೇ ಕೆಲಸ.

ರಟ್ಟಿನ ಪೆಟ್ಟಿಗೆಯ ಸೂಜಿರಂಧ್ರ ಕ್ಯಾಮೆರಾದಲ್ಲಿ ಸಾಮಾನ್ಯವಾಗಿ ಆಗುವ ನಿರಾಶೆ ಪೆಟ್ಟಿಗೆ ಗಿಡ್ಡವಾಗಿರುವುದರಿಂದ. ಶೂ ಡಬ್ಬದ ಉದ್ದ 30 ಸೆಂಟಿಮೀಟರು, ಬಿಂಬ ಬರೀ 3 ಮಿಲಿಮೀಟರು. ಅಷ್ಟರಲ್ಲಿ ಏನು ಕಾಣೀತು? ಒಂದರಿಂದ ಒಂದೂವರೆ ಮೀಟರಿನ ಕೊಳವೆ ಮಾಡಿ, ತೂತು ಒಂದು ಮಿಲಿಮೀಟರು ಇರಲಿ.

ನೆರಳುಗಳು ಬದಲಾಗುತ್ತವೆ ಎನ್ನುತ್ತಾರೆ. ಏನು ಬದಲಾವಣೆ?

ಮಾಮೂಲಿ ದಿನ ನೆರಳಿನ ಅಂಚು ಮಸುಕಾಗಿರುತ್ತದೆ, ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಸೂರ್ಯ ತೆಳ್ಳನೆಯ ಕುಡುಗೋಲಾಗಿ ಉಳಿದಾಗ ಬೆಳಕಿನ ಮೂಲ ಒಂದು ದಿಕ್ಕಿನಲ್ಲಿ ಕಿರಿದಾಗುತ್ತದೆ, ಇನ್ನೊಂದು ದಿಕ್ಕಿನಲ್ಲಿ ಉದ್ದವಾಗಿಯೇ ಇರುತ್ತದೆ. ಹಾಗಾಗಿ ಒಂದು ಕೋನದಲ್ಲಿ ನೆರಳು ಬ್ಲೇಡಿನಷ್ಟು ಚೂಪು, ಅದಕ್ಕೆ ಅಡ್ಡವಾಗಿ ಮಬ್ಬು. ಪೂರ್ಣತೆಗೆ, ಅಂದರೆ ಬಿಂಬ ಪೂರ್ತಿ ಮರೆಯಾಗುವುದಕ್ಕೆ, ಮುಂಚಿನ ಐದು ನಿಮಿಷದಲ್ಲಿ ಕೈಯನ್ನು ಬಿಳಿ ಕಾಗದದ ಮೇಲೆ ಚಾಚಿ ನಿಧಾನವಾಗಿ ತಿರುಗಿಸಿ. ಒಂದು ನಿಲುವಿನಲ್ಲಿ ತೋಳಿನ ಕೂದಲುಗಳ ನೆರಳನ್ನು ಎಣಿಸಬಹುದು.

ಬೆಳಕಿನ ಬಣ್ಣವೂ ಬೇರೆ. ಸಂಜೆ ಬೆಳಕು ಕಡಿಮೆಯಾದರೆ ಕೆಂಪಾಗುತ್ತದೆ, ನೆರಳು ಉದ್ದವಾಗುತ್ತದೆ. ಇಲ್ಲಿ ಸೂರ್ಯ ಎತ್ತರದಲ್ಲೇ ಇದ್ದು, ನೆರಳು ಗಿಡ್ಡವಾಗಿಯೇ ಇದ್ದು, ಬೆಳಕು ಮಾತ್ರ ಬೂದು ಬೆಳ್ಳಿಯಾಗಿ ಇಳಿಯುತ್ತದೆ. ಅರ್ಧ ಮುಚ್ಚುವವರೆಗೆ ಬಹುತೇಕರ ಗಮನಕ್ಕೇ ಬರುವುದಿಲ್ಲ, ಕಣ್ಣು ಹೊಂದಿಕೊಂಡುಬಿಡುತ್ತದೆ. 80% ದಾಟಿದ ಮೇಲೆ ಏನೋ ಸರಿಯಿಲ್ಲ ಅನ್ನಿಸಲು ಶುರುವಾಗುತ್ತದೆ.

ಚಳಿಯಾಗುತ್ತದೆಯೆ?

ಒಣ ಹವೆ, ತಿಳಿ ಆಕಾಶ ಇದ್ದರೆ 3ರಿಂದ 6 ಡಿಗ್ರಿ ಸೆಲ್ಸಿಯಸ್ ಇಳಿಯುವುದು ಸಾಮಾನ್ಯ. ಕರಾವಳಿಯ ತೇವದ ಹವೆಯಲ್ಲಿ ಕಡಿಮೆ. ಅಳೆಯುವುದಾದರೆ ಥರ್ಮಾಮೀಟರನ್ನು ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿ, ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಿ, ಐದು ನಿಮಿಷಕ್ಕೊಮ್ಮೆ ಬರೆಯಿರಿ. ಬಿಸಿಲಿಗೆ ಇಟ್ಟರೆ ಅಳೆಯುವುದು ಹವೆಯನ್ನಲ್ಲ, ಥರ್ಮಾಮೀಟರಿನ ಗಾಜನ್ನು. ಅತಿ ಕಡಿಮೆ ಉಷ್ಣತೆ ಬರುವುದು ಪೂರ್ಣತೆ ಮುಗಿದು ಕೆಲವು ನಿಮಿಷಗಳ ನಂತರ, ಆದ್ದರಿಂದ ಬೆಳಕು ಬಂತೆಂದು ಅಳತೆ ನಿಲ್ಲಿಸಬೇಡಿ.

ನೆರಳಿನ ಪಟ್ಟೆಗಳು ಎಂದರೇನು? ನೋಡಿದವರು ಕಡಿಮೆ ಏಕೆ?

ಪೂರ್ಣತೆಗೆ ಮೊದಲ ಒಂದೆರಡು ನಿಮಿಷ, ಮುಗಿದ ಮೇಲೆ ಒಂದೆರಡು ನಿಮಿಷ, ನೆಲದ ಮೇಲೆ ತೆಳು ಕಪ್ಪು ಬಿಳಿ ಪಟ್ಟೆಗಳು ಅಲೆಅಲೆಯಾಗಿ ಹರಿಯುತ್ತವೆ. ಕಾರಣ ನಕ್ಷತ್ರ ಮಿನುಗುವುದಕ್ಕೆ ಇರುವುದೇ. ಮೇಲಿನ ಗಾಳಿಯಲ್ಲಿ ಬಿಸಿ ತಂಪು ಪದರಗಳು ಕದಡಿ ಬೆಳಕನ್ನು ಅಲ್ಲಿಷ್ಟು ಇಲ್ಲಿಷ್ಟು ಬಾಗಿಸುತ್ತವೆ. ಪೂರ್ತಿ ಸೂರ್ಯನಿರುವಾಗ ಬಿಂಬ ಅಗಲವಾದ್ದರಿಂದ ಈ ಏರಿಳಿತಗಳು ಒಂದರ ಮೇಲೊಂದು ಬಿದ್ದು ಅಳಿಸಿಹೋಗುತ್ತವೆ. ತೆಳು ಗೆರೆಯಾದಾಗ ಉಳಿಯುತ್ತವೆ, ಅದೂ ಆ ಗೆರೆಗೆ ಸಮಾನಾಂತರವಾದ ಪಟ್ಟೆಗಳಾಗಿ.

ಕಾಣದಿರಲು ಕಾರಣಗಳು ಮೂರು. ಪಟ್ಟೆ ಮತ್ತು ಸಂದಿನ ನಡುವೆ ಬೆಳಕಿನ ವ್ಯತ್ಯಾಸ ತೀರ ಕಡಿಮೆ, ಹುಲ್ಲು ಮಣ್ಣಿನ ಮೇಲೆ ಗೊತ್ತೇ ಆಗುವುದಿಲ್ಲ. ಎಲ್ಲರೂ ಆ ಹೊತ್ತಿಗೆ ಮೇಲೆ ನೋಡುತ್ತಿರುತ್ತಾರೆ. ಇನ್ನು ಕೆಲವು ಗ್ರಹಣಗಳಲ್ಲಿ ಗಾಳಿ ಶಾಂತವಾಗಿದ್ದು ಪಟ್ಟೆಗಳು ಹುಟ್ಟುವುದೇ ಇಲ್ಲ, ಅದಕ್ಕೆ ಮಾಡುವುದೇನೂ ಇಲ್ಲ.

ಒಂದು ಎಂಟು ಮೊಳದ ಬಿಳಿ ಪಂಚೆ ಸಾಕು. ಸಮತಟ್ಟಾದ ಬಯಲಿನಲ್ಲಿ ಸುಕ್ಕಿಲ್ಲದಂತೆ ಬಿಗಿಯಾಗಿ ಎಳೆದು ನಾಲ್ಕು ಮೂಲೆಗೂ ಕಲ್ಲಿಡಿ. ಸುಕ್ಕಿನ ನೆರಳು ಪಟ್ಟೆಯ ನೆರಳನ್ನು ನುಂಗುತ್ತದೆ. ಹೊಳಪಿನ ಪ್ಲಾಸ್ಟಿಕ್ ಹಾಳೆ ಬೇಡ. ಪಕ್ಕದಲ್ಲಿ ಒಂದು ಮೀಟರಿನ ಅಳತೆಪಟ್ಟಿ, ಎರಡು ಕೋಲುಗಳಿರಲಿ. ಪಟ್ಟೆ ಕಂಡೊಡನೆ ಒಂದು ಕೋಲನ್ನು ಅದರ ಉದ್ದಕ್ಕೆ ಇಡಿ, ಪೂರ್ಣತೆ ಮುಗಿದ ಮೇಲೆ ಬರುವ ಪಟ್ಟೆಗೆ ಇನ್ನೊಂದನ್ನು. ಎರಡು ಕೋಲುಗಳ ನಡುವಿನ ಕೋನವೇ ದಾಖಲೆ. ಪಟ್ಟೆಗಳ ಅಂತರ ಕೆಲವು ಸೆಂಟಿಮೀಟರಿನಿಂದ ಗೇಣಿನಷ್ಟು ಇರಬಹುದು. ಮೊಬೈಲಿನಲ್ಲಿ ಫೋಟೋ ಬರುವುದಿಲ್ಲ, ಸೆಕೆಂಡಿಗೆ 60 ಫ್ರೇಮಿನ ವಿಡಿಯೋ ಇಟ್ಟು, ಎಕ್ಸ್‌ಪೋಷರ್ ಲಾಕ್ ಮಾಡಿ, ಆಮೇಲೆ ಕಂಪ್ಯೂಟರಿನಲ್ಲಿ ಕಾಂಟ್ರಾಸ್ಟ್ ಏರಿಸಿ ನೋಡಿ. ಚಲಿಸುವುದನ್ನು ಕಣ್ಣು ಬೇಗ ಹಿಡಿಯುತ್ತದೆ, ನಿಂತ ಚಿತ್ರದಲ್ಲಿ ಹಿಡಿಯುವುದಿಲ್ಲ.

ಚಂದ್ರನ ನೆರಳು ಬರುವುದನ್ನು ನೋಡಬಹುದೆ?

ಪಶ್ಚಿಮ ದಿಕ್ಕು ತೆರೆದಿರುವ ಗುಡ್ಡದ ಮೇಲೆ ನಿಂತರೆ ಸಾಧ್ಯ. ಪೂರ್ಣತೆಗೆ ಅರ್ಧ ನಿಮಿಷ ಮೊದಲು ಪಶ್ಚಿಮದ ಆಕಾಶ ಮಳೆಮೋಡ ಕವಿದಂತೆ ನೀಲಿಗಪ್ಪಾಗಿ, ಆ ಕಪ್ಪು ಮೇಲೇರಿ ಬರುತ್ತದೆ. ನೆರಳಿನ ವೇಗ ಸೆಕೆಂಡಿಗೆ ಸುಮಾರು ಅರ್ಧ ಕಿಲೋಮೀಟರಿನಿಂದ ಶುರು. ಸೂರ್ಯ ದಿಗಂತದ ಹತ್ತಿರ ಇದ್ದಷ್ಟೂ ಅದು ಇನ್ನೂ ಬಹಳ ಹೆಚ್ಚು. ತೆಳು ಮೋಡವಿದ್ದರೆ ಈ ದೃಶ್ಯ ಇನ್ನೂ ಸ್ಪಷ್ಟ, ನೆರಳು ಬೀಳಲು ಪರದೆ ಸಿಕ್ಕಂತಾಗುತ್ತದೆ.

ಬೇಲಿ ಮಣಿಗಳು, ವಜ್ರದುಂಗುರ: ಎರಡೂ ಒಂದೇನಾ?

ಒಂದೇ ಘಟನೆಯ ಎರಡು ಹಂತ. ಚಂದ್ರನ ಅಂಚು ನುಣುಪಾಗಿಲ್ಲ. ಬೆಟ್ಟಗಳು ಬೆಳಕನ್ನು ತಡೆಯುತ್ತವೆ, ಕಣಿವೆಗಳ ಮೂಲಕ ಅದು ತೂರಿಬರುತ್ತದೆ. ಆಗ ಕೊನೆಯ ಗೆರೆ ತುಂಡಾಗಿ ಮಣಿಗಳಾಗುತ್ತದೆ. ಇಂಗ್ಲೆಂಡಿನ ಖಗೋಳಜ್ಞ ಫ್ರಾನ್ಸಿಸ್ ಬೇಲಿ 1836ರ ಮೇ 15ರ ಕಂಕಣ ಗ್ರಹಣದಲ್ಲಿ ಸ್ಕಾಟ್ಲೆಂಡಿನಿಂದ ನೋಡಿ ವಿವರಿಸಿದ್ದರಿಂದ ಆ ಹೆಸರು. ಮಣಿಗಳು ಒಂದೊಂದೇ ಆರಿ ಕೊನೆಯದೊಂದು ಉಳಿದಾಗ, ಸುತ್ತ ಕೊರೋನಾದ ತೆಳು ಬಳೆ ಕಾಣಿಸಿಕೊಂಡು ವಜ್ರದುಂಗುರವಾಗುತ್ತದೆ.

ಮಣಿಗಳೇ ನಿಮಗೆ ಮುಖ್ಯವೆನಿಸಿದರೆ ಪಥದ ಅಂಚಿನ ಹತ್ತಿರ ನಿಲ್ಲಿ. ಅಲ್ಲಿ ಚಂದ್ರ ಸೂರ್ಯನ ಅಂಚನ್ನು ಸವರಿಕೊಂಡು ಹೋಗುವುದರಿಂದ ಮಣಿಗಳು ಹೆಚ್ಚು ಹೊತ್ತು ಇರುತ್ತವೆ. ಕೊರೋನಾಕ್ಕೆ ಸಿಗುವ ಸಮಯ ಮಾತ್ರ ಕಡಿಮೆಯಾಗುತ್ತದೆ. ಮಣಿಗಳು ಕಂಕಣ ಗ್ರಹಣದಲ್ಲೂ ಬಳೆ ಕೂಡುವ ಮತ್ತು ಒಡೆಯುವ ಕ್ಷಣಗಳಲ್ಲಿ ಕಾಣುತ್ತವೆ, ಆದರೆ ಅಲ್ಲಿ ಫಿಲ್ಟರು ತೆಗೆಯುವಂತಿಲ್ಲ.

ಗ್ರಹಣದ ಕನ್ನಡಕ ಯಾವಾಗ ತೆಗೆಯಬೇಕು, ಯಾವಾಗ ಮತ್ತೆ ಹಾಕಬೇಕು?

ಕನ್ನಡಕದೊಳಗೆ ಏನೂ ಕಾಣದಂತಾದಾಗ ತೆಗೆಯಿರಿ. ಖಗ್ರಾಸದ ಆ ಕೆಲವು ನಿಮಿಷ ಬರಿಗಣ್ಣಿನಲ್ಲೇ ನೋಡಬೇಕು, ಕನ್ನಡಕದಲ್ಲಿ ಕೊರೋನಾ ಕಾಣುವುದಿಲ್ಲ. ಹೆದರಿ ಕನ್ನಡಕ ತೆಗೆಯದೆ ಇಡೀ ಪೂರ್ಣತೆಯನ್ನು ಕಳೆದುಕೊಂಡವರು ಪ್ರತಿ ಗ್ರಹಣದಲ್ಲೂ ಇರುತ್ತಾರೆ. ಚಂದ್ರನ ಪಶ್ಚಿಮ ಅಂಚಿನಲ್ಲಿ ಕೆಂಪು ಗೆರೆ ದಪ್ಪವಾಗಿ ಬೆಳಗತೊಡಗಿತೆಂದರೆ ಸೂರ್ಯ ಬಂದ ಎಂದರ್ಥ, ತಕ್ಷಣ ಮುಖ ತಿರುಗಿಸಿ ಕನ್ನಡಕ ಹಾಕಿ. ಬೈನಾಕ್ಯುಲರಿನಲ್ಲಿ ನೋಡುವವರು ಮೊಬೈಲಿನಲ್ಲಿ ಅಲಾರಂ ಇಟ್ಟು, ಅವಧಿ ಮುಗಿಯಲು 15 ಸೆಕೆಂಡು ಇರುವಾಗಲೇ ಕೆಳಗಿಳಿಸಬೇಕು.

ಕಂಕಣದಲ್ಲಿ, ಪಾರ್ಶ್ವದಲ್ಲಿ ತೆಗೆಯುವ ಹೊತ್ತೇ ಇಲ್ಲ.

ಕಪ್ಪು ಬಿಂಬದ ಅಂಚಿನ ಗುಲಾಬಿ ಬಣ್ಣ ಯಾವುದು?

ಸಮ್ಮೀಲನವಾದ ಕೆಲವೇ ಸೆಕೆಂಡು ಪೂರ್ವದ ಅಂಚಿನಲ್ಲಿ ಕಾಣುವ ಕೆಂಪು ಗೆರೆ ವರ್ಣಗೋಳ, ಅಂದರೆ ಸೂರ್ಯನ ಹೊಳೆಯುವ ಮೈಮೇಲಿನ ತೆಳು ಪದರ. ಬಣ್ಣ 656.3 ನ್ಯಾನೊಮೀಟರಿನ ಹೈಡ್ರೋಜನ್ ಬೆಳಕಿನದು. ಅಂಚಿನಿಂದ ಹೊರಚಾಚಿದ ನಾಲಿಗೆಗಳು ಪ್ರಾಮಿನೆನ್ಸ್‌ಗಳು. ಇವು ಪೂರ್ಣತೆಯುದ್ದಕ್ಕೂ ಅಲ್ಲಲ್ಲಿ ಕಾಣಬಹುದು, 7x50 ಇಲ್ಲವೆ 10x50 ಬೈನಾಕ್ಯುಲರಿನಲ್ಲಿ ಅದ್ಭುತ.

ಈ ನಾಲಿಗೆಗಳು ಏನೆಂದು ತಿಳಿದದ್ದು ನಮ್ಮ ನೆಲದ ಮೇಲಿಂದ. 1868ರ ಆಗಸ್ಟ್ 18ರ ಖಗ್ರಾಸದ ಪಥ ಈಗಿನ ಉತ್ತರ ಕರ್ನಾಟಕವನ್ನು ಹಾದು ಗುಂಟೂರು, ಮಚಲೀಪಟ್ಟಣದ ಕಡೆಗೆ ಸಾಗಿತ್ತು. ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಿಂದ, ಕ್ಯಾಪ್ಟನ್ ಹೇಗ್ ಬಿಜಾಪುರದಿಂದ, ಫ್ರಾನ್ಸಿನ ಝಾನ್ಸನ್ ಗುಂಟೂರಿನಿಂದ ರೋಹಿತದರ್ಶಕ (ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಉಪಕರಣ) ಹಿಡಿದು ನೋಡಿದರು. ನಾಲಿಗೆಗಳ ಬೆಳಕು ಬಿಡಿಬಿಡಿ ಹೊಳಪು ಗೆರೆಗಳಾಗಿ ಒಡೆಯಿತು, ಅಂದರೆ ಅವು ಬಿಸಿ ಅನಿಲ. ಅಲ್ಲಿ ಕಂಡ ಹಳದಿ ಗೆರೆ ಸೋಡಿಯಂಗೆ ಹೊಂದಲಿಲ್ಲ. ನಂತರ ಇಂಗ್ಲೆಂಡಿನ ಖಗೋಳಜ್ಞ ನಾರ್ಮನ್ ಲಾಕ್ಯರ್ ಅದನ್ನು ಹೊಸ ಮೂಲವಸ್ತುವಿಗೆ ಸೇರಿಸಿದರು, ಅದೇ ಹೀಲಿಯಂ. ಇದೇ ಲಾಕ್ಯರ್ 1871ರ ಡಿಸೆಂಬರ್ 12ರ ಗ್ರಹಣಕ್ಕೆ ಕಾಸರಗೋಡಿನ ಬೇಕಲಕ್ಕೆ ಬಂದಿದ್ದರು.

ಕೊರೋನಾದಲ್ಲಿ ಏನು ಗಮನಿಸಬೇಕು?

ಆಕಾರ. ಸೌರಚಟುವಟಿಕೆ ಗರಿಷ್ಠವಾಗಿರುವ ವರ್ಷಗಳಲ್ಲಿ ಕೊರೋನಾ ಸುತ್ತಲೂ ಸೇವಂತಿಗೆಯ ಎಸಳುಗಳಂತೆ ಹರಡಿರುತ್ತದೆ. ಕನಿಷ್ಠ ವರ್ಷಗಳಲ್ಲಿ ಸೂರ್ಯನ ಸಮಭಾಜಕದ ಎರಡು ಕಡೆ ಉದ್ದ ರೆಕ್ಕೆಗಳು, ಧ್ರುವಗಳಲ್ಲಿ ಸಣ್ಣ ಕುಚ್ಚು. ಕರ್ನಾಟಕದ ಅಂಕೋಲಾ, ಕಾರವಾರ, ರಾಯಚೂರು ಕಡೆ ಹಾದ 1980ರ ಫೆಬ್ರವರಿ 16ರ ಖಗ್ರಾಸ ಗರಿಷ್ಠದ ಹತ್ತಿರ ಬಂದಿತ್ತು. 2024ರ ಏಪ್ರಿಲ್ 8ರದೂ ಹಾಗೆಯೇ. ಫೋಟೋಗಿಂತ ಪೆನ್ಸಿಲ್ ಚಿತ್ರ ಒಳ್ಳೆಯದು. ಮೊದಲೇ ಕಾಗದದ ಮೇಲೆ ಕಪ್ಪು ವೃತ್ತ ಬರೆದು, ಮೇಲು ಕೆಳಗು ಗುರುತಿಸಿಟ್ಟುಕೊಂಡು, ಉದ್ದನೆಯ ಕಿರಣ ಗಡಿಯಾರದ ಯಾವ ಗಂಟೆಯ ಕಡೆಗಿದೆ, ಎಷ್ಟು ವ್ಯಾಸ ಉದ್ದವಿದೆ ಎಂಬುದನ್ನಷ್ಟೇ ಗೀಚಿ.

ಕೊರೋನಾದ ಹಸಿರು ಗೆರೆ, 530.3 ನ್ಯಾನೊಮೀಟರಿನದು, 1869ರಿಂದ ಹಲವು ದಶಕ ಒಗಟಾಗಿತ್ತು. ಹದಿಮೂರು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣದ ಪರಮಾಣುವಿನದು ಎಂದು ತಿಳಿದಾಗ ಕೊರೋನಾದ ಬಿಸಿ ಹತ್ತು ಲಕ್ಷ ಡಿಗ್ರಿ ದಾಟಿದೆ ಎಂಬುದು ಸ್ಪಷ್ಟವಾಯಿತು. ಈ ಗೆರೆಯನ್ನೂ ಗ್ರಹಣವಿಲ್ಲದೆ ನೋಡಲು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮಾಡಿದ ಉಪಕರಣ 2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ನೌಕೆಯಲ್ಲಿ ಹಾರಿತು.

ಎರಡೂವರೆ ನಿಮಿಷ ಸಿಕ್ಕರೆ ಅದನ್ನು ಹೇಗೆ ಹಂಚುವುದು?

ಮೊದಲ 10 ಸೆಕೆಂಡು ಪೂರ್ವದ ಅಂಚಿನ ಕೆಂಪು. ನಂತರ ಒಂದು ನಿಮಿಷ ಬರಿಗಣ್ಣಿನಲ್ಲಿ ಕೊರೋನಾ. ಆಮೇಲೆ 20 ಸೆಕೆಂಡು ಕಣ್ಣು ಕೆಳಗಿಳಿಸಿ ಸುತ್ತ ಒಂದು ಸುತ್ತು: ದಿಗಂತದ ಎಲ್ಲ ದಿಕ್ಕಿನಲ್ಲೂ ಸಂಜೆಗೆಂಪು ಇರುತ್ತದೆ, ನೆರಳಿನಾಚೆಯ ಊರುಗಳಲ್ಲಿ ಇನ್ನೂ ಬಿಸಿಲಿರುವುದೇ ಕಾರಣ. ಹಾಗೇ ಶುಕ್ರ, ಗುರುಗಳನ್ನು ಹುಡುಕಿ. ಅವು ಎಲ್ಲಿರುತ್ತವೆ ಎಂದು ಮೊದಲೇ ನಕ್ಷೆಯಲ್ಲಿ ನೋಡಿಟ್ಟಿರಬೇಕು. ಉಳಿದದ್ದು ಬೈನಾಕ್ಯುಲರಿಗೆ. ಕೊನೆಯ 15 ಸೆಕೆಂಡು ಮತ್ತೆ ಬರಿಗಣ್ಣು, ಎರಡನೆಯ ವಜ್ರದುಂಗುರಕ್ಕೆ.

ಪ್ರಾಣಿಪಕ್ಷಿಗಳು ನಿಜವಾಗಿ ಗೂಡಿಗೆ ಮರಳುತ್ತವೆಯೆ?

ಪೂರ್ಣತೆಯ ಹತ್ತಿರ ಕಾಗೆ, ಗೊರವಂಕಗಳು ಸಂಜೆಯಂತೆ ಗದ್ದಲ ಮಾಡಿ ಮರಕ್ಕೆ ಸೇರುವುದು, ಜೀರುಂಡೆ ಶುರುವಾಗುವುದು ಸಾಮಾನ್ಯ. 2017ರಲ್ಲಿ ಅಮೆರಿಕದಲ್ಲಿ ಮೈಕ್ ಇಟ್ಟು ಕೇಳಿದಾಗ ಪೂರ್ಣತೆಯ ವೇಳೆ ದುಂಬಿ, ಜೇನುಗಳ ಹಾರಾಟದ ಸದ್ದು ಬಹುತೇಕ ನಿಂತೇಹೋಗಿತ್ತು. ಪಾರ್ಶ್ವಗ್ರಹಣದಲ್ಲಿ ಇಂಥದ್ದನ್ನು ನಿರೀಕ್ಷಿಸಬೇಡಿ. ಗಮನಿಸುವುದಾದರೆ ಹಿಂದಿನ ದಿನವೂ ಅದೇ ಹೊತ್ತಿಗೆ ಅದೇ ಮರವನ್ನು ನೋಡಿರಬೇಕು, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಜನ ಕೂಗಿದ ಸದ್ದಿಗೆ ಹಾರಿದ ಹಕ್ಕಿಯನ್ನು ಗ್ರಹಣದ ಲೆಕ್ಕಕ್ಕೆ ಹಾಕಬೇಡಿ.

ಫೋಟೋ?

ಮೊದಲ ಗ್ರಹಣವಾದರೆ ಬೇಡ ಎನ್ನುವುದೇ ಸಲಹೆ. ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ, ನಿಮ್ಮ ಜೊತೆಯವರ ಮುಖ ಮತ್ತು ದಿಗಂತ ಬರುವಂತೆ ವಿಡಿಯೋ ಚಾಲೂ ಮಾಡಿ ಮರೆತುಬಿಡಿ. ಹಟವಿದ್ದರೆ: ಬಿಂಬದ ಗಾತ್ರ ಲೆನ್ಸಿನ ಫೋಕಲ್ ಉದ್ದದ 109ನೇ ಒಂದು ಭಾಗ, 400 ಮಿಲಿಮೀಟರ್ ಲೆನ್ಸಿಗೆ 3.7 ಮಿಲಿಮೀಟರು. ಐಎಸ್ಒ 100, ಎಫ್/8ರಲ್ಲಿ ಮಣಿಗಳಿಗೆ 1/3000 ಸೆಕೆಂಡು, ಪ್ರಾಮಿನೆನ್ಸ್‌ಗೆ 1/800, ಒಳ ಕೊರೋನಾಕ್ಕೆ 1/200ರಿಂದ 1/50, ಹೊರಭಾಗಕ್ಕೆ ಅರ್ಧ ಸೆಕೆಂಡಿನಷ್ಟು. ಒಂದೇ ಎಕ್ಸ್‌ಪೋಷರಿನಲ್ಲಿ ಎಲ್ಲವೂ ಬರುವುದಿಲ್ಲ. ಪಾರ್ಶ್ವ ಹಂತದಲ್ಲಿ ಸೌರ ಫಿಲ್ಟರು ಲೆನ್ಸಿನ ಮುಂದೆ ಇರಬೇಕು, ಹಿಂದೆ ಅಲ್ಲ. ದೂರದರ್ಶಕದ ಐಪೀಸಿಗೆ (ಕಣ್ಣಿಡುವ ಮಸೂರಕ್ಕೆ) ತಿರುಗಿಸುವ ಸಣ್ಣ ಕಪ್ಪು ಗಾಜು ಬಿಸಿಗೆ ಸೀಳುತ್ತದೆ, ಅದನ್ನು ಎಸೆಯಿರಿ.

ಅರಿಶಿನ ನೀರಿನಲ್ಲಿ, ಸಗಣಿ ನೀರಿನಲ್ಲಿ ಪ್ರತಿಬಿಂಬ ನೋಡುವುದು ಸುರಕ್ಷಿತವೆ?

ಅಲ್ಲ. ಸೂರ್ಯ ಎತ್ತರದಲ್ಲಿದ್ದಾಗ ನೀರಿನ ಮೈ ಸುಮಾರು 2% ಬೆಳಕನ್ನು ಹಿಂದಿರುಗಿಸುತ್ತದೆ, ಇಳಿದಾಗ ಇನ್ನೂ ಹೆಚ್ಚು. ಐಎಸ್ಒ 12312-2 (ಸೂರ್ಯನನ್ನು ನೋಡುವ ಕನ್ನಡಕದ ಅಂತಾರಾಷ್ಟ್ರೀಯ ಮಾನಕ) ಗುರುತಿನ ಕನ್ನಡಕ ಬಿಡುವುದು ಹೆಚ್ಚೆಂದರೆ 0.0032%. ಅಂದರೆ ಬೋಗುಣಿಯ ನೀರು ಕನ್ನಡಕಕ್ಕಿಂತ 600 ಪಟ್ಟು ಹೆಚ್ಚು ಬೆಳಕನ್ನು ಕಣ್ಣಿಗೆ ಕಳಿಸುತ್ತದೆ. ಎಕ್ಸ್‌ರೇ ಫಿಲ್ಮ್, ಮಸಿ ಹಿಡಿದ ಗಾಜು, ಸಿ.ಡಿ., ತಂಪು ಕನ್ನಡಕ ಕೂಡ ಬೇಡ. ಕಪ್ಪಾಗಿ ಕಂಡರೂ ಅವು ಅವಕೆಂಪು ಕಿರಣಗಳನ್ನು ಬಿಡಬಹುದು. ಅಕ್ಷಿಪಟಲಕ್ಕೆ ನೋವು ಗೊತ್ತಾಗುವುದಿಲ್ಲ, ಹಾನಿ ತಿಳಿಯುವುದು ಗಂಟೆಗಳ ನಂತರ. ವೆಲ್ಡಿಂಗ್ ಗಾಜಾದರೆ 14ನೇ ನಂಬರ್. ಕನ್ನಡಕವನ್ನು ಮನೆಯೊಳಗೆ ಹಾಕಿ ನೋಡಿ: ಟ್ಯೂಬ್‌ಲೈಟು ಕಂಡರೆ, ಗೀರು ತೂತು ಇದ್ದರೆ ಕತ್ತರಿಸಿ ಬಿಸಾಡಿ.

ಗ್ರಹಣದ ಹೊತ್ತಿನಲ್ಲಿ ತಟ್ಟೆಯ ನೀರಿನಲ್ಲಿ ಒನಕೆ ನೆಟ್ಟಗೆ ನಿಲ್ಲುತ್ತದಲ್ಲ?

ನಿಲ್ಲುತ್ತದೆ, ನಾಳೆಯೂ ನಿಲ್ಲುತ್ತದೆ. ಒನಕೆಯ ತುದಿ ಸಮತಟ್ಟಾಗಿದ್ದು, ಭಾರದ ನೇರ ಕೆಳಗೆ ಆ ತುದಿ ಬಂದರೆ ಸಾಕು, ತಾಳ್ಮೆಯಿಂದ ಕೈಬಿಟ್ಟರೆ ನಿಂತೀತು. ಗ್ರಹಣಕ್ಕೆ ಒಂದು ವಾರ ಮೊದಲು, ಅದೇ ತಟ್ಟೆ, ಅದೇ ನೆಲ, ಅದೇ ಒನಕೆ ಇಟ್ಟು ಪರೀಕ್ಷಿಸಿ. ಗರ್ಭಿಣಿಯರಿಗೆ, ಅಡುಗೆಗೆ ಗ್ರಹಣದಿಂದ ಏನಾದರೂ ಆಗುತ್ತದೆಯೆ ಎಂಬುದಕ್ಕೂ ಉತ್ತರ ಚಿಕ್ಕದು: ಇಲ್ಲ. ಉಪವಾಸ ಮಾಡಿ ಬಿಸಿಲಲ್ಲಿ ನಿಂತರೆ ತಲೆಸುತ್ತು ಬರುವುದು ಉಪವಾಸದಿಂದ.

ಮೋಡ ಕವಿದರೆ?

1999ರ ಆಗಸ್ಟ್ 11 ಮತ್ತು 2009ರ ಜುಲೈ 22ರ ಖಗ್ರಾಸಗಳು ಭಾರತದಲ್ಲಿ ಮುಂಗಾರಿಗೆ ಸಿಕ್ಕಿ ಹಲವು ಕಡೆ ಮರೆಯಾದವು. ಮೋಡದಡಿಯಲ್ಲೂ ಕತ್ತಲು ಬೀಳುವ ವೇಗ, ಉಷ್ಣತೆ, ಹಕ್ಕಿಗಳು, ನೆರಳಿನ ಓಟ ಸಿಗುತ್ತವೆ. ಚೂರುಚೂರು ಮೋಡವಾದರೆ ವಾಹನ ಸಿದ್ಧವಿಟ್ಟುಕೊಳ್ಳಿ, ಆದರೆ ಕೊನೆಯ ಅರ್ಧ ಗಂಟೆಯಲ್ಲಿ ಓಡಬೇಡಿ. ಹವೆ ತಂಪಾದಂತೆ ಬಿಸಿಲಿಗೆ ಎದ್ದ ಹತ್ತಿಮೋಡ ಕರಗುವುದೂ ಉಂಟು.

ಮುಂದೆ ಎಲ್ಲಿ, ಯಾವಾಗ?

2026ರ ಆಗಸ್ಟ್ 12ರ ಖಗ್ರಾಸದ ಪಥ ಗ್ರೀನ್‌ಲೆಂಡ್, ಐಸ್‌ಲೆಂಡ್, ಸ್ಪೇನ್. ಸ್ಪೇನಿನಲ್ಲಿ ಸೂರ್ಯ ಮುಳುಗುವ ಹೊತ್ತಾದ್ದರಿಂದ ಪಶ್ಚಿಮದಲ್ಲಿ ಗುಡ್ಡವಿಲ್ಲದ ಜಾಗ ಬೇಕು. 2027ರ ಆಗಸ್ಟ್ 2ರದು ದೊಡ್ಡದು: ಈಜಿಪ್ಟಿನ ಲಕ್ಸರ್ ಬಳಿ ಗರಿಷ್ಠ 6 ನಿಮಿಷ 23 ಸೆಕೆಂಡು. ಅದೇ ಪಥ ಜೆಡ್ಡಾ, ಮೆಕ್ಕಾಗಳನ್ನು ಹಾದುಹೋಗುವುದರಿಂದ ಅಲ್ಲಿರುವ ಕನ್ನಡಿಗರಿಗೆ ಮನೆಬಾಗಿಲಲ್ಲೇ ಖಗ್ರಾಸ. ಕರ್ನಾಟಕಕ್ಕೆ ಅಂದು ಸಂಜೆಯ ಹೊತ್ತು ಪಾರ್ಶ್ವಗ್ರಹಣ, ಮಳೆಗಾಲದ ಮೋಡ ಬಿಟ್ಟರೆ. 2031ರ ಮೇ 21ರ ಕಂಕಣ ಕೇರಳ, ತಮಿಳುನಾಡುಗಳ ಮೇಲೆ ಹಾಯುತ್ತದೆ, ಮೈಸೂರು ಕಡೆಯಿಂದ ಒಂದು ದಿನದ ಪ್ರಯಾಣ. ಭಾರತದ ನೆಲದಲ್ಲಿ ಖಗ್ರಾಸ ನೋಡಲು 2034ರ ಮಾರ್ಚ್ 20ರಂದು ಕಾರ್ಗಿಲ್ ಕಡೆ ಹೋಗಬೇಕು. ಮಾರ್ಚಿನಲ್ಲಿ ಅಲ್ಲಿ ಹಿಮ, ರಸ್ತೆಗಳು ಮುಚ್ಚಿರುವ ಸಂಭವ ಹೆಚ್ಚು, ಹಾಗಾಗಿ ವಾರ ಮೊದಲೇ ತಲುಪುವ ಲೆಕ್ಕ ಹಾಕಿ.